ಮಾವನ ಯೆಜ್ಡಿ ಮತ್ತು ಒಂದು ಮಲ್ಟಿಮೀಟರ್: ಮೂರು ವರ್ಷದ ಬಳಕೆಯ ನಂತರ

ಒಂದೂವರೆ ಸಾವಿರ ರೂಪಾಯಿ ಕೊಟ್ಟು ವೋಲ್ಟ್, ಆಂಪಿಯರ್, ಓಮ್ ಅಳೆಯುವ ಈ ಡಿಜಿಟಲ್ ಮಲ್ಟಿಮೀಟರ್ ಕೊಂಡು ಮೂರು ವರ್ಷವಾಯಿತು. ಮಂಡ್ಯದ ಹತ್ತಿರ ನಮ್ಮ ಸೋದರಮಾವನ ಆಲೆಮನೆಯ ಮೂಲೆಯಲ್ಲಿ ಹನ್ನೊಂದು ವರ್ಷ ನಿಂತಿದ್ದ ಯೆಜ್ಡಿ 250 ಬೈಕನ್ನು ರಿಪೇರಿ ಮಾಡಲೆಂದೇ ಕೊಂಡದ್ದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1970ರ ದಶಕದಲ್ಲಿ ತಯಾರಾದ ಗಾಡಿ ಅದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಎಂಜಿನ್ ಬಿಚ್ಚಿ ಜೋಡಿಸಬಲ್ಲವರು ಮೈಸೂರಿನಲ್ಲಿ ಈಗಲೂ ಸಿಗುತ್ತಾರೆ. ವೈರಿಂಗ್ ವಿಷಯ ಬಂದರೆ ಮಾತ್ರ ಹೆಚ್ಚಿನವರು, "ಎಲ್ಲ ಕಿತ್ತು ಹೊಸದು ಹಾಕಿಸಿಬಿಡಿ" ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ.

ಗಾಡಿಗೆ ಬಣ್ಣ ಹೊಡೆಸಿ ಜೋಡಿಸಿದ ಮೇಲೆ ಎಂಜಿನ್ ಚೆನ್ನಾಗಿಯೇ ಓಡಿತು. ಹೆಡ್‌ಲೈಟ್ ಮಾತ್ರ ಎಣ್ಣೆ ತೀರಿದ ಹಣತೆಯಂತೆ ಉರಿಯುತ್ತಿತ್ತು. ಹೊಸ ಬ್ಯಾಟರಿ ಹಾಕಿದೆ, ಬಲ್ಬ್ ಬದಲಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಮೀಟರನ್ನು ಕಂಟಿನ್ಯೂಟಿಗೆ, ಅಂದರೆ ತಂತಿ ತುಂಡಾಗದಿದ್ದರೆ ಸದ್ದು ಮಾಡುವ ಸ್ಥಾನಕ್ಕೆ, ಇಟ್ಟು ಒಂದೊಂದೇ ತಂತಿ ಮುಟ್ಟಿದರೆ ಎಲ್ಲ ಕಡೆಯೂ ಬೀಪ್ ಸದ್ದು. ಎರಡು ತಿಂಗಳು ಆ ಸದ್ದನ್ನು ನಂಬಿ ಕೂತೆ.

ಕೊನೆಗೆ ದಾರಿ ತೋರಿಸಿದವರು ನಮ್ಮ ಬೀದಿಯ ಹಿರಿಯ ಮೆಕ್ಯಾನಿಕ್ ಒಬ್ಬರು. "ಸದ್ದು ಬಂದರೆ ತಂತಿ ತುಂಡಾಗಿಲ್ಲ ಎಂದಷ್ಟೇ ತಿಳಿಯುತ್ತದಪ್ಪ. ಅದು ಭಾರ ಹೊರುತ್ತದೆಯೋ ಇಲ್ಲವೋ, ಲೈಟ್ ಹಾಕಿ ನೋಡು" ಎಂದರು. ಆ ಒಂದು ಮಾತು ಮೀಟರಿನ ಬೆಲೆಗಿಂತ ದೊಡ್ಡದು. ಇಂಥ ಮೀಟರ್‌ಗಳು ಮೂವತ್ತು, ಕೆಲವು ಐವತ್ತು ಓಮ್ ತಡೆ ಇದ್ದರೂ ಬೀಪ್ ಎನ್ನುತ್ತವೆ. ಆದರೆ 6 ವೋಲ್ಟಿನ, 35 ವಾಟಿನ ಬಲ್ಬ್ ಉರಿಯುವಾಗ ಅದರ ತಡೆಯೇ ಸುಮಾರು ಒಂದು ಓಮ್. ದಾರಿಯಲ್ಲಿ 0.2 ಓಮ್ ಹೆಚ್ಚುವರಿ ತಡೆ ಸೇರಿದರೆ ಸಾಕು, ಒಂದು ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. 12 ವೋಲ್ಟಿನ ಗಾಡಿಗೆ ಅಷ್ಟು ನಷ್ಟ ಅಷ್ಟಾಗಿ ಕಾಣದು. 6 ವೋಲ್ಟಿನ ಗಾಡಿಯಲ್ಲಿ ಬೆಳಕು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ.

ಲೈಟ್ ಹಾಕಿ, ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಬ್ಯಾಟರಿಯಿಂದ ಬಲ್ಬಿನವರೆಗೆ ದಾರಿಯಲ್ಲಿ ಎಷ್ಟು ಕಳೆಯುತ್ತದೆ ಎಂದು ಅಳೆದೆ: 0.3 ವೋಲ್ಟ್. ತೊಂದರೆಯಿಲ್ಲ. ಬಲ್ಬಿನ ಹೋಲ್ಡರಿನಿಂದ ಬ್ಯಾಟರಿಯ ಅರ್ಥಿಂಗ್ ಟರ್ಮಿನಲ್‌ಗೆ, ಅಂದರೆ ಗಾಡಿಯ ಚೌಕಟ್ಟಿನ ಮೂಲಕ ಹೋಗುವ ಇನ್ನೊಂದು ದಾರಿಯಲ್ಲಿ, ಅಳೆದೆ: 1.1! ನಾವು ಆಸೆಪಟ್ಟು ಹೊಡೆಸಿದ ದಪ್ಪ ಬಣ್ಣದ ಮೇಲೆಯೇ ಅರ್ಥಿಂಗ್ ಬೋಲ್ಟ್ ಕೂತಿತ್ತು. ಬೋಲ್ಟಿನ ಸುತ್ತ ಲೋಹ ಕಾಣುವವರೆಗೆ ಬಣ್ಣ ಕೆರೆದು, ಹೆಡ್‌ಲೈಟಿನಿಂದ ಬ್ಯಾಟರಿಗೆ ನೇರವಾಗಿ ಒಂದು ದಪ್ಪ ತಂತಿ ಎಳೆದೆ. ಆ ರಾತ್ರಿ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ರಸ್ತೆ ಕಂಡಿತು.

ಎರಡನೆಯ ವರ್ಷ ಗಾಡಿ ನಿಲ್ಲಿಸಿ ಕೀ ತೆಗೆದರೂ ಬ್ಯಾಟರಿ ಗಂಟೆಯೊಳಗೆ ಖಾಲಿಯಾಗತೊಡಗಿತು. ಮೀಟರನ್ನು 10 ಆಂಪಿಯರಿನ ಕಿಂಡಿಗೆ ಹಾಕಿ ಬ್ಯಾಟರಿಯ ಜೊತೆ ಸರಣಿಯಲ್ಲಿ ಸೇರಿಸಿದ ಕ್ಷಣವೇ ಅದರ ಫ್ಯೂಸ್ ಹೋಯಿತು. ಉತ್ತರ ಅದರಲ್ಲೇ ಇತ್ತು: ಚಾರ್ಜಿಂಗ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಒಳಗಿನ ಕಟ್‌ಔಟ್, ಅಂದರೆ ಎಂಜಿನ್ ನಿಂತಾಗ ಬ್ಯಾಟರಿಯನ್ನು ಬೇರ್ಪಡಿಸುವ ಸ್ವಿಚ್, ಅಂಟಿಕೊಂಡು, ಬ್ಯಾಟರಿಯ ವಿದ್ಯುತ್ತೆಲ್ಲ ಹಿಂದಕ್ಕೆ ಅದನ್ನು ಚಾರ್ಜ್ ಮಾಡುವ ಡೈನಮೊಗೆ ಹರಿಯುತ್ತಿತ್ತು. ಕಾಂಟ್ಯಾಕ್ಟ್ ಬಿಡಿಸಿ ನಯವಾದ ಎಮರಿ ಕಾಗದದಿಂದ ಉಜ್ಜಿದೆ. ಮೀಟರಿಗೆ ಬೇಕಾದ ಸೆರಾಮಿಕ್ ಫ್ಯೂಸ್ ಊರಿನ ಅಂಗಡಿಗಳಲ್ಲಿ ಸಿಗದೆ ತರಿಸಿಕೊಳ್ಳಬೇಕಾಯಿತು; ಕೊಳ್ಳುವಾಗಲೇ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಈ ಮೀಟರಿನ ಮೇಲೆ ನನಗಿರುವ ದೂರುಗಳಲ್ಲಿ ದೊಡ್ಡದು, ಎಂಜಿನ್ ಓಡುವಾಗ ಅಂಕಿಗಳು ನಿಲ್ಲುವುದಿಲ್ಲ ಎಂಬುದು. ಕಿಡಿಯ ಅಲೆಗಳಿಂದ 5 ವೋಲ್ಟ್, 9 ವೋಲ್ಟ್ ಎಂದು ಕುಣಿಯುತ್ತವೆ. ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿದ ಮೇಲೆ ಬಹಳಷ್ಟು ತಗ್ಗಿತು. ಚಾರ್ಜಿಂಗ್ ನೋಡಲು ಹಳೆಯ ಮುಳ್ಳಿನ ಮೀಟರ್ ಇದಕ್ಕಿಂತ ಮೇಲು ಎಂದೇ ನನ್ನ ಅಭಿಪ್ರಾಯ. ಇನ್ನೊಂದು, ಮೀಟರಿನ ಒಳಗಿನ ಬ್ಯಾಟರಿ ಸೊರಗಿದರೆ ವೋಲ್ಟ್ ಹೆಚ್ಚಾಗಿ ತೋರಿಸುತ್ತದೆ. ಒಮ್ಮೆ 7.9 ಕಂಡು ರೆಗ್ಯುಲೇಟರ್ ತಿರುಗಿಸಿ ಕೆಡಿಸಿದೆ. ಸೆಲ್ ಬದಲಿಸಿ ನೋಡಿದರೆ ನಿಜವಾಗಿ ಇದ್ದದ್ದು 7.1, ಇರಬೇಕಾದಷ್ಟೇ. ಜೊತೆಗೆ ಬಂದ ತಂತಿಗಳು ವರ್ಷದೊಳಗೆ ಬುಡದಲ್ಲಿ ಒಡೆದವು. ಈಗ ಸಿಲಿಕೋನ್ ತಂತಿಗಳಿವೆ, ಚಳಿಯಲ್ಲೂ ಮೆತ್ತಗೆ ಬಾಗುತ್ತವೆ.

ಐದಕ್ಕೆ ನಾಲ್ಕು ಕೊಡುತ್ತೇನೆ, ಗಾಡಿಯ ಕೆಲಸದ ಮಟ್ಟಿಗೆ. ಕಳೆದ ತಿಂಗಳು ಮಾವ, "ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಬೇಕು, ಆ ಮೀಟರ್ ತಾ" ಎಂದರು. ಮೂರು ಫೇಸಿನ 415 ವೋಲ್ಟಿಗೆ ಬೇಕಾದ ರಕ್ಷಣಾ ದರ್ಜೆಯ ಗುರುತು ಇದರ ಮೇಲೆ ಇಲ್ಲ. "ಬೇಡಿ ಮಾವ, ಇದು ಯೆಜ್ಡಿಗೆ ಮಾತ್ರ" ಎಂದು ಹೇಳಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ.