ಸ್ಯಾಕ್ರಮೆಂಟೊ ಕ್ಯಾಪಿಟಲ್ ಟೂರ್: ಟಿಕೆಟ್ ಇಲ್ಲ, ಆದರೆ ಟೈಮ್ ಇಟ್ಕೊಂಡು ಹೋಗಿ

ಊರಿಂದ ಹಿರಿಯರು ಬೇ ಏರಿಯಾಗೆ ಬಂದರೆ ನಾವೆಲ್ಲ ಮಾಡುವುದು ಒಂದೇ ಅಲ್ವಾ? ಗೋಲ್ಡನ್ ಗೇಟ್, ಲಿವರ್‌ಮೋರ್ ದೇವಸ್ಥಾನ, ಯೊಸೆಮಿಟಿ, ಆಮೇಲೆ ಔಟ್‌ಲೆಟ್ ಮಾಲ್. ಅದೆಲ್ಲ ಮುಗಿದ ಮೇಲೆ ಅವರು ಸೋಫಾ ಮೇಲೆ, ನಾವು ಮೀಟಿಂಗ್‌ನಲ್ಲಿ. ಅಂಥವರಿಗೆ ಈ ರಿವ್ಯೂ. ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಸ್ಟೇಟ್ ಕ್ಯಾಪಿಟಲ್ ಮ್ಯೂಸಿಯಂ ಅಂತ ಇದೆ. ನಮ್ಮ ವಿಧಾನಸೌಧದ ಥರದ ಕಟ್ಟಡವೇ, ಅದರಲ್ಲೇ ಮ್ಯೂಸಿಯಂ. ಗೈಡ್ ಜೊತೆ ಸುತ್ತಿಸುತ್ತಾರೆ, ಒಂದು ಪೈಸೆ ಇಲ್ಲ.

ನಾನು ಕರೆದುಕೊಂಡು ಹೋಗಿದ್ದು ನನ್ನ ಮಾವನನ್ನು. ತಿಪಟೂರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಎಲೆಕ್ಷನ್ ಡ್ಯೂಟಿ ಹಾಕಿದರೆ ಬೇರೆಯವರು ಮೆಡಿಕಲ್ ಸರ್ಟಿಫಿಕೇಟ್ ಹುಡುಕುತ್ತಿದ್ದರಂತೆ, ಇವರು ಕೇಳಿ ಹಾಕಿಸಿಕೊಳ್ಳುತ್ತಿದ್ದರಂತೆ. ಸೇತುವೆ, ಬೆಟ್ಟ ನೋಡಿ "ಚೆನ್ನಾಗಿದೆ" ಅಂದಷ್ಟೇ ಸುಮ್ಮನಾದವರು ಈ ಕಟ್ಟಡದಲ್ಲಿ ಬಾಯಿ ಮುಚ್ಚಲಿಲ್ಲ.

ಕಾರಿಗಿಂತ ರೈಲೇ ವಾಸಿ. ಫ್ರೀಮಾಂಟ್‌ನಲ್ಲಿ ಕ್ಯಾಪಿಟಲ್ ಕಾರಿಡಾರ್ ರೈಲು ಹತ್ತಿದರೆ ಸುಮಾರು ಎರಡೂವರೆ ಗಂಟೆ. ಮಾರ್ಟಿನೆಜ್ ದಾಟಿ ಸೇತುವೆ ಹತ್ತುವಾಗ ಆಚೆ ದಡದಲ್ಲಿ ಬೆನಿಶಿಯಾ ಅನ್ನುವ ಸಣ್ಣ ಊರು ಕಾಣುತ್ತದೆ. 1853-54ರಲ್ಲಿ ಅದೇ ರಾಜಧಾನಿ! ಮೊದಲು ಸ್ಯಾನ್ ಹೋಸೆ, ಆಮೇಲೆ ವಲೇಹೊ, ಆಮೇಲೆ ಬೆನಿಶಿಯಾ, ಕೊನೆಗೆ 1854ರಲ್ಲಿ ಸ್ಯಾಕ್ರಮೆಂಟೊ. ಬಾಡಿಗೆ ಮನೆ ಬದಲಾಯಿಸಿದ ಹಾಗೆ ರಾಜಧಾನಿ ಬದಲಾಯಿಸಿದ್ದಾರೆ. ಇಳಿದ ತಕ್ಷಣ ಹೊರಗೆ ಓಡಬೇಡಿ. 1926ರಲ್ಲಿ ಸದರ್ನ್ ಪೆಸಿಫಿಕ್ ಕಂಪನಿ ಕಟ್ಟಿಸಿದ ಈ ಸ್ಟೇಷನ್ನಿನ ಹಾಲ್‌ನಲ್ಲಿ ದೊಡ್ಡ ಗೋಡೆಚಿತ್ರ ಇದೆ. 1863ರ ಜನವರಿ 8ರಂದು ರೈಲು ಮಾರ್ಗದ ಗುದ್ದಲಿ ಪೂಜೆ ನಡೆದ ದೃಶ್ಯ. ಅವತ್ತು ಗುದ್ದಲಿ ಹಿಡಿದವನು ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್. ಅವನು ರಾಜ್ಯದ ಗವರ್ನರ್, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅದೇ ಹೊತ್ತಿಗೆ ಆ ಮಾರ್ಗ ಹಾಕುತ್ತಿದ್ದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಅಧ್ಯಕ್ಷನೂ ಅವನೇ, ಮುಂದೆ ಸದರ್ನ್ ಪೆಸಿಫಿಕ್ ಜೊತೆ ಒಂದಾದ ಕಂಪನಿ ಅದು. "ಒಬ್ಬನೇ ಎರಡೂ ಕುರ್ಚಿಯಲ್ಲಾ? ಯಾರೂ ಕೇಳ್ಲಿಲ್ವೇನಮ್ಮಾ?" ಅಂದರು ಮಾವ. ಕೇಳಿದರು, ಆದರೆ ಕೇಳುವುದಕ್ಕೆ ಸುಮಾರು ಐವತ್ತು ವರ್ಷ ಹಿಡಿಯಿತು. ಈ ಟೂರ್‌ನ ನಿಜವಾದ ಕಥೆ ಅದೇ.

ಸ್ಟೇಷನ್ನಿಂದ ಕ್ಯಾಪಿಟಲ್‌ಗೆ ಹೆಚ್ಚು ಕಮ್ಮಿ ಒಂದು ಮೈಲಿ. ಬೇಸಿಗೆಯಲ್ಲಿ ಹಿರಿಯರನ್ನು ನಡೆಸಬೇಡಿ, ಬಿಸಿಲು 38 ಡಿಗ್ರಿ ದಾಟುತ್ತದೆ. ಒಳಗೆ ಹೋಗುವಾಗ ಏರ್‌ಪೋರ್ಟ್ ಥರ ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ. ಟೂರ್ ಸುಮಾರು ಒಂದು ಗಂಟೆ. ನಮಗೆ ಸಿಕ್ಕಿದ್ದು ವಯಸ್ಸಾದ ಗೈಡ್ ಅಮ್ಮ, ನಿಧಾನಕ್ಕೆ ಬಿಡಿಸಿ ಹೇಳಿದರು. ನಾನು ಮಾವನಿಗೆ ಕನ್ನಡದಲ್ಲಿ ಪಿಸುಗುಡುತ್ತಿದ್ದರೆ ಮುಗಿಯುವ ತನಕ ಕಾಯುತ್ತಿದ್ದರು. ಲಿಫ್ಟ್ ಇದೆ, ಮಂಡಿ ನೋವಿನವರೂ ಆರಾಮಾಗಿ ನೋಡಬಹುದು.

ಗುಮ್ಮಟ ಚೆನ್ನಾಗಿದೆ, ನೆಲದ ಮೊಸಾಯಿಕ್ ಚೆನ್ನಾಗಿದೆ. ಮೇಲ್ಮನೆ ಸೆನೆಟ್‌ನ ಸಭಾಂಗಣ ಕೆಂಪು, ಕೆಳಮನೆ ಅಸೆಂಬ್ಲಿಯದು ಹಸಿರು, ಬ್ರಿಟಿಷ್ ಪಾರ್ಲಿಮೆಂಟಿನ ಬಣ್ಣಗಳೇ. ಫೋಟೋ ತೆಗೆದುಕೊಳ್ಳಿ, ಮುಂದೆ ಹೋಗಿ. ಕಟ್ಟಿದ್ದು 1860ರಿಂದ 1874ರ ತನಕ. ಭೂಕಂಪ ಆದರೆ ನಿಲ್ಲಲ್ಲ ಅಂತ ಗೊತ್ತಾಗಿ 1976ರಿಂದ 1982ರವರೆಗೆ ಒಳಗೆಲ್ಲ ಬಿಚ್ಚಿ ಮತ್ತೆ ಕಟ್ಟಿದರು. ಖರ್ಚು ಹತ್ತಿರ ಹತ್ತಿರ 7 ಕೋಟಿ ಡಾಲರ್.

ನಿಂತು ನೋಡಬೇಕಾದ ಜಾಗ 1906ರ ಗವರ್ನರ್ ಕಚೇರಿ. ಹಳೇ ಕಾಲದ ಕಚೇರಿಗಳನ್ನು ಆಗ ಇದ್ದ ಹಾಗೇ ಜೋಡಿಸಿಟ್ಟಿದ್ದಾರೆ. ಒಳಗೆ ಓಡಾಡುವ ಹಾಗಿಲ್ಲ, ಬಾಗಿಲಲ್ಲಿ ನಿಂತೇ ನೋಡಬೇಕು. ದಪ್ಪ ಮರದ ಮೇಜು, ಕುರ್ಚಿ, ಕಾಗದ ಪತ್ರ, ಆ ಕಾಲದ ಸಾಮಾನು. ಮಾವ ಕತ್ತು ಚಾಚಿ ನೋಡಿದ್ದೇ ನೋಡಿದ್ದು. "ನಮ್ಮ ರೆಕಾರ್ಡ್ ರೂಮ್ ಇದಕ್ಕಿಂತ ದೊಡ್ಡದಿತ್ತು ಕಣಮ್ಮ, ಆದರೆ ಇಷ್ಟು ಕ್ಲೀನಾಗಿ ಇರಲಿಲ್ಲ" ಅಂದರು.

ಆ ವರ್ಷ ಕುರ್ಚಿಯಲ್ಲಿದ್ದವನು ಜಾರ್ಜ್ ಪಾರ್ಡಿ, ಕಸುಬಿನಿಂದ ಕಣ್ಣಿನ ಡಾಕ್ಟರ್. ಏಪ್ರಿಲ್ 18ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪ ಆಯಿತು. ಪಾರ್ಡಿ ಈ ಚೆಂದದ ಮೇಜು ಬಿಟ್ಟು ತನ್ನ ಊರು ಓಕ್ಲೆಂಡ್‌ಗೆ ಹೋಗಿ ಕೂತ. ವಾರಗಟ್ಟಲೆ ಅಲ್ಲಿಂದಲೇ ಪರಿಹಾರದ ಕೆಲಸ ನೋಡಿಕೊಂಡ. ಇಷ್ಟು ಮಾಡಿದವನಿಗೆ ಅದೇ ವರ್ಷ ಅವನ ರಿಪಬ್ಲಿಕನ್ ಪಕ್ಷ ಮತ್ತೆ ಟಿಕೆಟ್ ಕೊಡಲಿಲ್ಲ! ಸ್ಯಾಂಟಾ ಕ್ರೂಜ್‌ನಲ್ಲಿ ಪಕ್ಷದ ಸಮಾವೇಶ, ಹಿಂದೆ ನಿಂತು ದಾರ ಎಳೆದಿದ್ದು ಸದರ್ನ್ ಪೆಸಿಫಿಕ್ ರೈಲು ಕಂಪನಿ. ಟಿಕೆಟ್ ಜೇಮ್ಸ್ ಗಿಲೆಟ್ ಪಾಲಾಯಿತು. ಗವರ್ನರ್ ಯಾರಾಗಬೇಕು ಅಂತ ರೈಲು ಕಂಪನಿ ತೀರ್ಮಾನ ಮಾಡುತ್ತಿದ್ದ ಕಾಲ ಅದು. "ಟಿಕೆಟ್ ವಿಷಯದಲ್ಲಿ ಎಲ್ಲಾ ಕಡೆ ಒಂದೇ" ಅಂದರು ಮಾವ, ಸ್ವಲ್ಪ ಖುಷಿಯಾಗಿಯೇ.

ಆ ಸಿಟ್ಟೇ ನಾಲ್ಕು ವರ್ಷ ಬಿಟ್ಟು ಹೈರಮ್ ಜಾನ್ಸನ್‌ನನ್ನು ತಂದು ಕೂರಿಸಿತು. 1910ರಲ್ಲಿ ಅವನು ಓಟು ಕೇಳಲು ರೈಲು ಹತ್ತಲಿಲ್ಲ, ಕಾರಿನಲ್ಲಿ ಊರೂರು ಸುತ್ತಿದ. ರಾಜಕೀಯದಿಂದ ರೈಲು ಕಂಪನಿಯನ್ನು ಒದ್ದು ಓಡಿಸುತ್ತೇನೆ ಅನ್ನುವುದೊಂದೇ ಅವನ ಮಾತು. ಗೆದ್ದ. 1911ರ ಅಕ್ಟೋಬರ್ 10ಕ್ಕೆ ಜನರ ಮುಂದೆ ಸಂವಿಧಾನ ತಿದ್ದುಪಡಿಗಳನ್ನು ಇಟ್ಟ. ಜನರೇ ಕಾನೂನು ತರಬಹುದು, ಜನರೇ ಕಾನೂನು ತಡೆಯಬಹುದು, ಗೆದ್ದವನನ್ನು ಅರ್ಧದಲ್ಲೇ ಮನೆಗೂ ಕಳಿಸಬಹುದು. ಹೆಂಗಸರಿಗೆ ಓಟಿನ ಹಕ್ಕು ಸಿಕ್ಕಿದ್ದೂ ಅದೇ ದಿನ, ಅದೂ ಮೂರೂವರೆ ಸಾವಿರ ಚಿಲ್ಲರೆ ಓಟಿನ ಅಂತರದಲ್ಲಿ. ನನಗೆ ಇದು ಗುಮ್ಮಟಕ್ಕಿಂತ ದೊಡ್ಡ ವಿಷಯ ಅನ್ನಿಸಿತು. ಈ ಹಿನ್ನೆಲೆ ಗೊತ್ತಿದ್ದರೆ ಆ ಮೇಜು ನೋಡುವುದಕ್ಕೆ ಬೇರೆಯೇ ಮಜಾ. ಗೊತ್ತಿಲ್ಲದಿದ್ದರೆ ಅದು ಹಳೇ ಮೇಜು ಅಷ್ಟೇ. ಅದಕ್ಕೇ ಇಷ್ಟುದ್ದ ಬರೆದೆ.

ಟೂರ್ ಮುಗಿದ ಮೇಲೆ ಹೊರಟುಬಿಡಬೇಡಿ. ಹಿಂದಿನ ಗವರ್ನರ್‌ಗಳ ಚಿತ್ರಗಳು ಗೋಡೆಗಳ ಮೇಲಿವೆ. ಅವನ್ನು ನಿಮ್ಮ ಪಾಡಿಗೆ ನೋಡಿ, ಇನ್ನೊಂದು ಗಂಟೆ ಬೇಕು. ಮೊದಲನೆಯವನು ಪೀಟರ್ ಬರ್ನೆಟ್. ಇವನನ್ನು ಜನ ಆರಿಸಿದ್ದು 1849ರ ನವೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯ ಆಗಿದ್ದು 1850ರ ಸೆಪ್ಟೆಂಬರ್ 9ಕ್ಕೆ. ರಾಜ್ಯಕ್ಕಿಂತ ಮೊದಲೇ ಗವರ್ನರ್ ಬಂದಾಯ್ತು. ಮಿಲ್ಟನ್ ಲೇಥಮ್ 1860ರ ಜನವರಿಯಲ್ಲಿ ಕುರ್ಚಿ ಹತ್ತಿ ಐದೇ ದಿನಕ್ಕೆ ಬಿಟ್ಟ. ಯಾಕೆ ಅಂದರೆ ಅಷ್ಟರಲ್ಲಿ ವಾಷಿಂಗ್ಟನ್ ಸೆನೆಟ್ ಸೀಟು ಸಿಕ್ಕಿತು. ಸ್ಟ್ಯಾನ್‌ಫರ್ಡ್ ಪ್ರಮಾಣವಚನಕ್ಕೆ ದೋಣಿಯಲ್ಲಿ ಬಂದವನು. 1862ರ ಜನವರಿಯಲ್ಲಿ ಊರೇ ಪ್ರವಾಹದಲ್ಲಿ ಮುಳುಗಿತ್ತು. ಆಗ ಅವಧಿ ಎರಡೇ ವರ್ಷ, ನಾಲ್ಕು ವರ್ಷ ಆಗಿದ್ದು ಅವನ ನಂತರ.

ಅರ್ಲ್ ವಾರೆನ್ ಚಿತ್ರದ ಹತ್ತಿರ ಮಾವನಿಗೆ ಒಂದು ವಿಷಯ ನಂಬಿಸಲು ನನಗೆ ಸಾಕಾಯಿತು. ಪಕ್ಷದ ಟಿಕೆಟ್ ಯಾರಿಗೆ ಅಂತ ಮೊದಲೇ ಓಟು ಹಾಕಿ ತೀರ್ಮಾನಿಸುವುದಕ್ಕೆ ಪ್ರೈಮರಿ ಅನ್ನುತ್ತಾರೆ. ಆಗ ಇಲ್ಲಿ ಒಬ್ಬ ಅಭ್ಯರ್ಥಿ ಎರಡೂ ಪಕ್ಷಗಳ ಪ್ರೈಮರಿಯಲ್ಲಿ ನಿಲ್ಲಬಹುದಿತ್ತು. 1946ರಲ್ಲಿ ವಾರೆನ್ ರಿಪಬ್ಲಿಕನ್ ಪ್ರೈಮರಿಯನ್ನೂ ಗೆದ್ದ, ಡೆಮಾಕ್ರಟಿಕ್ ಪ್ರೈಮರಿಯನ್ನೂ ಗೆದ್ದ. "ಹಾಗಾದ್ರೆ ಎದುರಾಳಿ ಯಾರು?" ಅಂತ ಮಾವ. ಹೆಸರಿಗೆ ಸಣ್ಣ ಪಕ್ಷದವರು ಇದ್ದರು ಅಷ್ಟೇ. 1942, 1946, 1950, ಸತತ ಮೂರು ಸಲ ಗೆದ್ದವನು ಇವನೊಬ್ಬನೇ. 1953ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾಗಿ ಹೋದ.

ಸೋತವರಿಗೆ ಗೋಡೆ ಮೇಲೆ ಜಾಗ ಇಲ್ಲ, ಪಾಪ. ಇದ್ದಿದ್ದರೆ 1962ರಲ್ಲಿ ಪ್ಯಾಟ್ ಬ್ರೌನ್ ಎದುರು ಸೋತ ರಿಚರ್ಡ್ ನಿಕ್ಸನ್ ಇಲ್ಲಿ ಸಿಗುತ್ತಿದ್ದ. ಆರು ವರ್ಷಕ್ಕೆ ಅಧ್ಯಕ್ಷನೇ ಆಗಿ ಗೆದ್ದ, ಅದು ಬೇರೆ ಮಾತು. ಪ್ಯಾಟ್ ಬ್ರೌನನ್ನು 1966ರಲ್ಲಿ ಸೋಲಿಸಿದ್ದು ರೊನಾಲ್ಡ್ ರೇಗನ್.

ಪ್ಯಾಟ್ ಬ್ರೌನ್ ಮಗ ಜೆರ್ರಿ ಬ್ರೌನ್. ಅವನ ಚಿತ್ರದ ಮುಂದೆ ಎಲ್ಲರೂ ನಿಲ್ಲುತ್ತಾರೆ, ಯಾಕೆಂದರೆ ಅದೊಂದೇ ಬೇರೆ ಥರ. ಮಿಕ್ಕವರು ಕೋಟು ಹಾಕಿ ಗಂಭೀರವಾಗಿ ಕೂತಿದ್ದರೆ ಇದು ಡಾನ್ ಬಕಾರ್ಡಿ ಅನ್ನುವವರು ಸರಸರ ಕುಂಚ ಆಡಿಸಿ ಬರೆದದ್ದು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇದು ಇನ್ನೂ ಮುಗಿದಿಲ್ವಾ?" ಚಿತ್ರ ಇಟ್ಟಾಗ ಶಾಸಕರಲ್ಲೂ ಬಹಳ ಜನಕ್ಕೆ ಹಿಡಿಸಿರಲಿಲ್ಲ. ನನಗಂತೂ ಅಲ್ಲಿ ಇಷ್ಟವಾಗಿದ್ದು ಅದೊಂದೇ. ಜೆರ್ರಿ ಬ್ರೌನ್ 36ನೇ ವಯಸ್ಸಿಗೆ ಮೊದಲ ಸಲ ಗವರ್ನರ್ ಆದವನು, 80ನೇ ವಯಸ್ಸಿಗೆ ಕೊನೆಯ ಸಲ ಇಳಿದವನು. 1974, 1978, 2010, 2014, ಒಟ್ಟು ನಾಲ್ಕು ಗೆಲುವು. ಎರಡು ಅವಧಿ ಮಾತ್ರ ಅನ್ನುವ ನಿಯಮ ಬಂದಿದ್ದು 1990ರಲ್ಲಿ, ಅದಕ್ಕೆ ಮೊದಲಿನದು ಲೆಕ್ಕಕ್ಕೆ ಬರಲಿಲ್ಲ.

ಇನ್ನೊಂದು ತಮಾಷೆ. ಇಲ್ಲಿ ಲೆಫ್ಟಿನೆಂಟ್ ಗವರ್ನರ್‌ಗೂ ಬೇರೆಯೇ ಓಟು, ಬೇರೆ ಪಕ್ಷದವನೂ ಗೆಲ್ಲಬಹುದು. ಗವರ್ನರ್ ರಾಜ್ಯದ ಗಡಿ ದಾಟಿದರೆ ಅಧಿಕಾರ ಇವನ ಕೈಗೆ. 1979ರಲ್ಲಿ ಬ್ರೌನ್ ಹೊರಗೆ ಹೋಗಿದ್ದಾಗ ಎದುರು ಪಕ್ಷದ ಮೈಕ್ ಕರ್ಬ್ ಒಬ್ಬ ನ್ಯಾಯಾಧೀಶರನ್ನೇ ನೇಮಿಸಿಬಿಟ್ಟ. ಬ್ರೌನ್ ವಾಪಸ್ ಬಂದು ರದ್ದು ಮಾಡಿದ, ವಿಷಯ ಕೋರ್ಟಿಗೆ ಹೋಯಿತು. ಕರ್ಬ್‌ಗೆ ಅಧಿಕಾರ ಇತ್ತು, ರದ್ದು ಮಾಡಲು ಬ್ರೌನ್‌ಗೂ ಇತ್ತು ಅಂದಿತು ಕೋರ್ಟು. "ಸಾಹೇಬ್ರು ರಜೆ ಹಾಕಿದಾಗ ಇನ್‌ಚಾರ್ಜ್ ಸಹಿ" ಅಂತ ಮಾವ ಒಂದೇ ಮಾತಲ್ಲಿ ಮುಗಿಸಿದರು.

ಆಮೇಲೆ ಅರ್ನಾಲ್ಡ್ ಶ್ವಾರ್ಜ್‌ನೆಗರ್. ಚಿತ್ರ ಆಳೆತ್ತರಕ್ಕಿಂತ ದೊಡ್ಡದು, ಫೋಟೋನೋ ಪೇಂಟಿಂಗೋ ಗೊತ್ತಾಗುವುದಿಲ್ಲ. 1911ರಲ್ಲಿ ಹೈರಮ್ ಜಾನ್ಸನ್ ಕೊಟ್ಟ ಆ ಮನೆಗೆ ಕಳಿಸುವ ಅಸ್ತ್ರ 2003ರಲ್ಲಿ ಆಗಿನ ಗವರ್ನರ್ ಗ್ರೇ ಡೇವಿಸ್ ಮೇಲೆ ಬಿತ್ತು. ಹಿಂದಿನ ಚುನಾವಣೆಯ ಓಟಿನ ಶೇ. 12ರಷ್ಟು ಸಹಿ ಬೇಕು, ಆಗ ಅದು ಹತ್ತಿರ ಹತ್ತಿರ 9 ಲಕ್ಷ. ಬಂತು. ಅಕ್ಟೋಬರ್ 7ಕ್ಕೆ ಓಟು. ಒಂದೇ ಬ್ಯಾಲೆಟ್‌ನಲ್ಲಿ ಎರಡು ಪ್ರಶ್ನೆ: ಡೇವಿಸ್ ಇಳಿಯಬೇಕಾ? ಇಳಿದರೆ ಯಾರು? ನಿಲ್ಲಲು 3,500 ಡಾಲರ್ ಮತ್ತು 65 ಸಹಿ ಸಾಕಿತ್ತು. ನಿಂತವರು 135 ಜನ! ಶೇ. 55ರಷ್ಟು ಮಂದಿ ಇಳಿಯಲಿ ಅಂದರು, ಕುರ್ಚಿ ಶ್ವಾರ್ಜ್‌ನೆಗರ್ ಪಾಲಾಯಿತು. ಅಮೆರಿಕದಲ್ಲಿ ಹೀಗೆ ಗವರ್ನರ್ ಇಳಿದಿದ್ದು ಅದು ಎರಡನೇ ಸಲ ಮಾತ್ರ, ಮೊದಲನೆಯದು 1921ರಲ್ಲಿ ನಾರ್ತ್ ಡಕೋಟಾದಲ್ಲಿ. 2021ರಲ್ಲಿ ಗ್ಯಾವಿನ್ ನ್ಯೂಸಮ್ ಮೇಲೂ ಪ್ರಯತ್ನ ಆಯಿತು. ಶೇ. 62ರ ಹತ್ತಿರ ಜನ ಇಳಿಸುವುದು ಬೇಡ ಅಂದರು, ಉಳಿದುಕೊಂಡ.

135 ಅಂತ ನಾನು ದೊಡ್ಡದಾಗಿ ಹೇಳಿದ್ದಕ್ಕೆ ಮಾವ ನಕ್ಕರು. "1996ರಲ್ಲಿ ನಮ್ಮ ಬೆಳಗಾವಿ ಲೋಕಸಭೆಗೆ 456 ಜನ ನಿಂತಿದ್ರು. ಆಮೇಲೇ ಠೇವಣಿ 500ರಿಂದ 10 ಸಾವಿರಕ್ಕೆ ಏರಿಸಿದ್ದು. ಇವರಿಗೆ ಹೇಳು." ಗೈಡ್ ಅಮ್ಮನಿಗೆ ಹೇಳಿದೆ. ಆಕೆ ಸಣ್ಣ ನೋಟ್‌ಬುಕ್ ತೆಗೆದು ಬರೆದುಕೊಂಡರು.

ನಮ್ಮ ರಾಜ್ಯಪಾಲರಿಗೂ ಇವರಿಗೂ ಎಲ್ಲಿಯ ಹೋಲಿಕೆ ಅನ್ನಬೇಡಿ. ಇಲ್ಲಿಯ ಗವರ್ನರ್ ಮಾಡುವುದು ನಮ್ಮ ಮುಖ್ಯಮಂತ್ರಿ ಮಾಡುವ ಕೆಲಸ, ಸರಿ. ಆದರೆ 1947ರಲ್ಲಿ ನಮ್ಮ ಸಂವಿಧಾನ ಸಭೆಯೂ ರಾಜ್ಯಪಾಲರನ್ನು ಜನರೇ ಓಟು ಹಾಕಿ ಆರಿಸಲಿ ಅಂತ ಒಪ್ಪಿತ್ತು. 1949ರ ಮೇನಲ್ಲಿ ಅದನ್ನು ಬಿಟ್ಟು ರಾಷ್ಟ್ರಪತಿಗಳ ನೇಮಕ ಅಂತ ಮಾಡಿದರು. ಮುಖ್ಯಮಂತ್ರಿಗೂ ಜನರ ಓಟು, ರಾಜ್ಯಪಾಲರಿಗೂ ಜನರ ಓಟು ಅಂದರೆ ಜಗಳ ಗ್ಯಾರಂಟಿ ಅನ್ನುವ ಭಯ. ಈಗಲೂ ಜಗಳ ಕಮ್ಮಿ ಏನಿಲ್ಲ ಬಿಡಿ.

ಈಗಿನ ಗವರ್ನರ್ ಕಚೇರಿ ನೋಡುವ ಆಸೆ ಇಟ್ಟುಕೊಂಡು ಹೋಗಬೇಡಿ. ಹಿಂದೆ ಇದ್ದ 1952ರ ಅನೆಕ್ಸ್ ಕಟ್ಟಡ ಕೆಡವಿ ಹೊಸದು ಕಟ್ಟಲು ಕೈಹಾಕಿದ್ದಾರೆ, ಕಚೇರಿಯನ್ನು ಹತ್ತಿರದ ಓ ಸ್ಟ್ರೀಟ್‌ಗೆ ಸಾಗಿಸಿದ್ದಾರೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಬೋರ್ ಆಗುತ್ತದೆ, ಅವರಿಗೆ ಓಲ್ಡ್ ಸ್ಯಾಕ್ರಮೆಂಟೊದ ರೈಲ್ವೆ ಮ್ಯೂಸಿಯಂ ವಾಸಿ.

ಊಟ ಕಟ್ಟಿಕೊಂಡು ಹೋಗಿ. ನಾವು ಹತ್ತಿರದ ಒಂದು ಕೆಫೆಯಲ್ಲಿ ಚಹಾ ಅಂತ ಕೇಳಿದ್ದಕ್ಕೆ ಬಿಸಿನೀರಲ್ಲಿ ಸೊಪ್ಪಿನ ಚೀಲ ಅದ್ದಿ ಕೊಟ್ಟರು, ಹಾಲು ಕೇಳಿದರೆ ಬೇರೆ ದುಡ್ಡು. ಮಾವ ಬಿಲ್ಲನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿದ್ದು ದೊಡ್ಡ ತಪ್ಪು. ಕ್ಯಾಪಿಟಲ್ ಸುತ್ತ ದೊಡ್ಡ ಪಾರ್ಕ್ ಇದೆ, ನೆರಳಿದೆ, ಬೆಂಚಿದೆ. ಚಿತ್ರಾನ್ನ, ಮೊಸರನ್ನ ಅಲ್ಲೇ ಆಗುತ್ತದೆ.

ಟೈಮ್ ಉಳಿದರೆ 16ನೇ ಸ್ಟ್ರೀಟ್ ಮತ್ತು ಎಚ್ ಸ್ಟ್ರೀಟ್ ಮೂಲೆಯಲ್ಲಿರುವ ಹಳೇ ಗವರ್ನರ್ ಬಂಗಲೆಯನ್ನು ಹೊರಗಿಂದಲಾದರೂ ನೋಡಿ. 1877ರ ಬಿಳಿ ಬಂಗಲೆ. 1903ರಲ್ಲಿ ಸರ್ಕಾರ ಕೊಂಡಾಗ ಮೊದಲು ಬಂದಿದ್ದು ಅದೇ ಪಾರ್ಡಿ ಕುಟುಂಬ. 1967ರಲ್ಲಿ ನ್ಯಾನ್ಸಿ ರೇಗನ್, ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳಲು ಆಗಲ್ಲ ಅಂತ ಸಂಸಾರ ಎತ್ತಿಕೊಂಡು ಹೊರಟರು. ಜೆರ್ರಿ ಬ್ರೌನ್ ಮೊದಲ ಸಲ ಗೆದ್ದಾಗ ಬಂಗಲೆ ಬೇಡ ಅಂತ ಬಾಡಿಗೆ ಫ್ಲಾಟ್‌ನಲ್ಲಿದ್ದು, ಹಾಸಿಗೆ ನೆಲದ ಮೇಲೆ ಹಾಸಿ ಮಲಗುತ್ತಿದ್ದ. 2015ರಲ್ಲಿ ಅವನೇ ಈ ಬಂಗಲೆಗೆ ವಾಪಸ್ ಬಂದ. ಬಂಗಲೆಯ ಒಳಗೆ ಬಿಡುತ್ತಾರಾ, ಟೂರ್ ಎಷ್ಟು ಹೊತ್ತಿಗೆ ಅಂತ ಹೊರಡುವ ಮುಂಚೆ ವೆಬ್‌ಸೈಟ್ ನೋಡಿಕೊಳ್ಳಿ. ಸಂಜೆ ರೈಲಿನ ಟೈಮೂ ನೋಡಿಕೊಂಡೇ ಹೊರಡಿ, ಒಂದು ತಪ್ಪಿದರೆ ಮುಂದಿನದಕ್ಕೆ ಕಾಯಬೇಕಾಗುತ್ತದೆ.