ಹಳೇ ಸೊಂಟನೋವಿಗೆ ಶಾಖವೋ, ಟೆನ್ಸ್ ಮಷೀನೋ, ವ್ಯಾಯಾಮವೋ?

ರಾಯಚೂರು ಕಡೆ ಹತ್ತಿ ಬಿಡಿಸಿ ಸೊಂಟ ಹಿಡಿದುಕೊಂಡು ಬರುವವರು ಕೇಳುವುದು ಒಂದೇ: "ಸಿಸ್ಟರ್, ಆ ಗುಳಿಗಿ ಇಲ್ಲದ ಆಗಂಗಿಲ್ಲೇನ್ರಿ?" ಟ್ರಮಡಾಲ್‌ನಂಥ ಮಾತ್ರೆ ನೋವು ತಗ್ಗಿಸುತ್ತದೆ. ಜೊತೆಗೆ ಮಂಪರು, ಮಲಬದ್ಧತೆ. ಜಾಸ್ತಿ ದಿನ ನುಂಗಿದರೆ ಬಿಡುವುದೂ ಕಷ್ಟ.

ಶಾಖ ಅಗ್ಗ. ಬಿಸಿನೀರಿನ ಬ್ಯಾಗಿಗೆ ಬಟ್ಟೆ ಸುತ್ತಿ 15–20 ನಿಮಿಷ ಇಟ್ಟರೆ ಬಿಗಿತ ಸಡಿಲವಾಗುತ್ತದೆ. ಈ ಬಿಸಿಲಲ್ಲಿ ಶಾಖ ಬೇರೆ ಬೇಕಾ ಅಂತೀರಾ? ಬೆಳಗ್ಗೆ ಎದ್ದ ಕೂಡಲೇ ಕೊಡಿ. ಸಕ್ಕರೆ ಕಾಯಿಲೆಯಿಂದ ಚರ್ಮ ಜೋಮು ಹಿಡಿದವರಿಗೆ ಮಾತ್ರ ಬೇಡ, ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ.

ಟೆನ್ಸ್ ಅಂದರೆ ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಬಿಡುವುದು. ಕೆಲವರಿಗೆ ಹಾಯೆನಿಸುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಸೊಂಟನೋವಿನ ಮಾರ್ಗಸೂಚಿ ಇದನ್ನೂ ಟ್ರಮಡಾಲ್‌ನಂಥ ಒಪಿಯಾಯ್ಡ್ (ಅಫೀಮಿನ ಜಾತಿಯ) ಮಾತ್ರೆಯನ್ನೂ ಬೇಡ ಅನ್ನುತ್ತದೆ. ಪೇಸ್‌ಮೇಕರ್ ಇದ್ದವರಂತೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಸುಮ್ನೆ ದುಡ್ಡು ಯಾಕೆ?

ನನ್ನ ವೋಟು ವ್ಯಾಯಾಮಕ್ಕೆ. ಚಾಪೆ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಮೆಲ್ಲಗೆ ಎತ್ತಿ 5 ಸೆಕೆಂಡ್ ಹಿಡಿದು ಇಳಿಸಿ. ಹತ್ತು ಸಲ. ಮೊದಲ ವಾರ ಬೇಜಾರಾಗುತ್ತದೆ, ಫಲ ಕಾಣಲು ವಾರಗಳೇ ಬೇಕು. ಶಾಖ ಕೊಟ್ಟು ಆಮೇಲೆ ಮಾಡಿದರೆ ಸಲೀಸು.

ಮಾತ್ರೆ ಈಗಾಗಲೇ ನಡೆಯುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಇಳಿಸುತ್ತಾ ಬನ್ನಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೊರಡಿ.