ಜೆಟ್ ಮಾಡೆಲಿಗೆ ಬೆಳ್ಳಿ ಬಣ್ಣ: ನಾಲ್ಕು ದಾರಿ, ಬೆಳಗಾವಿ ಮಳೆ, ವಿಜಯಪುರದ ಬಿಸಿಲು

ಹಸಿರು-ಕಂದು ಪಟ್ಟೆ ಬಳಿದ ಪ್ಲಾಸ್ಟಿಕ್ ಮಾಡೆಲ್ ವಿಮಾನದಲ್ಲಿ ಸಣ್ಣಪುಟ್ಟ ಗೀರು ಮುಚ್ಚಿಹೋಗುತ್ತದೆ. ಬೆಳ್ಳಿ ಬಣ್ಣ ಯಾವುದನ್ನೂ ಮುಚ್ಚುವುದಿಲ್ಲ, ಇಲ್ಲದ್ದನ್ನೂ ಎತ್ತಿ ತೋರಿಸುತ್ತದೆ. ಮೊದಲ ತಲೆಮಾರಿನ ಜೆಟ್‌ಗಳನ್ನು ಕಟ್ಟುವವರು ಇದಕ್ಕೆ ಎದುರಾಗಲೇಬೇಕು: ವ್ಯಾಂಪೈರ್ ಟ್ರೈನರ್, ಮೀಟಿಯೊರ್, ಸೇಬರ್, ಮಿಗ್-15, ನಮ್ಮ ವಾಯುಪಡೆಗೆ 1953ರಲ್ಲಿ ಬಂದ ತೂಫಾನಿ, ಎಲ್ಲವನ್ನೂ ಬೆಳ್ಳಿಯಲ್ಲೇ ಕಟ್ಟಬೇಕು ಅನಿಸುತ್ತದೆ. ಹಾಗಾಗಿ ನಾಲ್ಕು ವಿಧಾನಗಳನ್ನು ಒಂದೇ ಬಗೆಯ ಪ್ಲಾಸ್ಟಿಕ್ ಚಮಚಗಳ ಮೇಲೆ, ಆಮೇಲೆ 1/72ರ (ಅಂದರೆ ನಿಜ ವಿಮಾನದ 72ನೇ ಒಂದು ಪಾಲಿನ) ವ್ಯಾಂಪೈರ್ ಮತ್ತು 1/48ರ ಸೇಬರ್ ರೆಕ್ಕೆಯ ಮೇಲೆ ಹಾಕಿ ನೋಡಿದ್ದು. ಒಂದು ಸುತ್ತು ಜುಲೈ ತಿಂಗಳ ಬೆಳಗಾವಿಯಲ್ಲಿ, ಇನ್ನೊಂದು ಏಪ್ರಿಲ್ ಕೊನೆಯ ವಿಜಯಪುರದಲ್ಲಿ. ಎರಡೂ ಕಡೆ ಗೆದ್ದ ಬಣ್ಣ ಒಂದೇ ಆಗಿರಲಿಲ್ಲ.

ಬಾಟಲಿ ಕೊಳ್ಳುವ ಮುಂಚೆ ಒಂದು ವಿಷಯ ಇತ್ಯರ್ಥ ಆಗಬೇಕು. ಬೆಳ್ಳಿ ಎರಡು ಥರ. ಬ್ರಿಟಿಷ್ ವ್ಯಾಂಪೈರ್ ಟ್ರೈನರ್, ಮೀಟಿಯೊರ್‌ಗಳ ಬೆಳ್ಳಿ ಬಳಿದ ಬಣ್ಣ: ಮೂಗಿನಿಂದ ಬಾಲದವರೆಗೆ ಒಂದೇ ಛಾಯೆ, ಹೊಳಪು ಕಮ್ಮಿ. ಸೇಬರ್‌ನದು ಬರಿ ಲೋಹ: ಪಕ್ಕಪಕ್ಕದ ಎರಡು ಹಾಳೆಗಳೂ ಬೇರೆ ಛಾಯೆ, ಬಾಲದ ತುದಿ ಎಂಜಿನ್ ಕಾವಿಗೆ ಬಣ್ಣಗೆಟ್ಟಿರುತ್ತದೆ. ವ್ಯಾಂಪೈರ್ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅದರ ಮುಂದಿನ ದೇಹ ಪ್ಲೈವುಡ್ ಮತ್ತು ಬಾಲ್ಸಾ ಕಟ್ಟಿಗೆಯದು; ರೆಕ್ಕೆ ಮತ್ತು ಬಾಲದ ಎರಡು ತೋಳು ಮಾತ್ರ ಲೋಹ. ಆ ಮರದ ದೇಹದ ಮೇಲೆ ಹಾಳೆ ಹಾಳೆಯಾಗಿ ಛಾಯೆ ಬದಲಿಸಿ ಮಿಂಚಿಸಿದರೆ ನೋಡಲು ಚೆಂದ, ಆದರೆ ಅಂಥ ವಿಮಾನ ಯಾವತ್ತೂ ಹಾರಿಲ್ಲ.

ಹಾರ್ಡ್‌ವೇರ್ ಅಂಗಡಿಯ ಅಲ್ಯುಮಿನಿಯಂ ಪೇಂಟ್ ಬಗ್ಗೆ ಬೇಗ ಮುಗಿಸೋಣ. ಗೇಟು, ಗ್ರಿಲ್ಲಿಗೆ ಹೊಡೆಯುವ ಡಬ್ಬಿಯಲ್ಲಿ ಲೋಹದ ಚೂರು ದಪ್ಪ, 16 ಸೆಂ.ಮೀ. ರೆಕ್ಕೆಯ 1/72 ಮಾಡೆಲಿನ ಮೇಲೆ ಉಸುಕು ಚೆಲ್ಲಿದ ಹಾಗೆ ಕಾಣುತ್ತದೆ, ವಾರ ಬಿಟ್ಟು ಮುಟ್ಟಿದರೂ ಬೆರಳಿಗೆ ಹತ್ತುತ್ತದೆ. ಅದೇ ಪೇಂಟಿನ ಸ್ಪ್ರೇ ಕ್ಯಾನ್ ವಾಸಿ, ಆದರೆ ನೇರವಾಗಿ ಹೊಡೆದರೆ ಪ್ಯಾನಲ್ ಗೆರೆ, ಅಂದರೆ ಲೋಹದ ಹಾಳೆಗಳು ಕೂಡುವ ಸಂದಿನ ಗೆರೆ, ತುಂಬಿಹೋಗುತ್ತದೆ. ಬಾಟಲಿಗೆ ಇಳಿಸಿಕೊಂಡು, ಮುಚ್ಚಳ ಸಡಿಲ ಬಿಟ್ಟು, ಗುಳ್ಳೆ ಬರುವುದು ಪೂರ್ತಿ ನಿಂತ ಮೇಲೆ ಏರ್‌ಬ್ರಶ್‌ನಿಂದ (ಪೆನ್ನಿನಷ್ಟು ಸಣ್ಣ, ಗಾಳಿಯಿಂದ ಬಣ್ಣ ಚಿಮ್ಮಿಸುವ ಸ್ಪ್ರೇ) ಹೊಡೆದರೆ ಗಾಲಿಯ ಕಾಲು, ಬಾಂಬ್, ಟ್ಯಾಂಕ್‌ಗಳಿಗೆ ಸಾಕು. ಇಡೀ ವಿಮಾನಕ್ಕೆ ಬೇಡ.

ನಿಜವಾದ ಪೈಪೋಟಿ ನೀರಿನ ಅಕ್ರಿಲಿಕ್ ಮೆಟಾಲಿಕ್ ಮತ್ತು ಥಿನ್ನರಿನ, ಬೇಗ ಆರುವ ಲ್ಯಾಕರ್ ಮೆಟಾಲಿಕ್ ನಡುವೆ.

ಅಕ್ರಿಲಿಕ್‌ಗೆ ವಾಲೆಹೋ ಕಂಪನಿಯ ಮೆಟಲ್ ಕಲರ್, 32 ಮಿ.ಲೀ. ಬಾಟಲಿ, ತೆಳು ಮಾಡದೆ ನೇರ ಏರ್‌ಬ್ರಶ್ಶಿನ ಬಟ್ಟಲಿಗೆ ಸುರಿಯಬಹುದು. ಲ್ಯಾಕರ್‌ಗೆ ಆಲ್‌ಕ್ಲಾಡ್ II. ಎರಡಕ್ಕೂ ಕೆಳಗೆ ಹೊಳಪಿನ ಕಪ್ಪು ತಳ, ಗಾಳಿಯ ಒತ್ತಡ 12ರಿಂದ 15 ಪಿಎಸ್‌ಐ, ಏರ್‌ಬ್ರಶ್ಶಿಗೆ 0.3 ಮಿ.ಮೀ. ಸೂಜಿ. ಆ ಕಪ್ಪು ತಳವೇ ಅರ್ಧ ಕೆಲಸ. ಜೋಡಣೆಯ ಗೆರೆಯನ್ನು 600, 1000, 1500, 2000 ನಂಬರಿನ ವಾಟರ್ ಪೇಪರಿನಲ್ಲಿ ಕ್ರಮ ತಪ್ಪದೆ ಉಜ್ಜಬೇಕು. 600ರಿಂದ ಒಮ್ಮೆಲೇ 2000ಕ್ಕೆ ಹಾರಿದರೆ 600ರ ಗೀರು ಅಲ್ಲೇ ಉಳಿದು, ಬೆಳ್ಳಿ ಬಿದ್ದ ಮೇಲೆ ಹೊರಗೆ ಬರುತ್ತದೆ. ಕಪ್ಪು ಹೊಡೆದ ಮೇಲೆ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ: ಬೆಳಕಿನ ಗೆರೆ ಎಲ್ಲಿ ನಡುಗಿತೋ ಅಲ್ಲಿ ಮತ್ತೆ ಪೇಪರ್ ಹಿಡಿಯಬೇಕು. ಕಪ್ಪು ಎನಾಮಲ್ ಆಗಿದ್ದರೆ ಕನಿಷ್ಠ ಎರಡು ದಿನ ಒಣಗಲಿ. ಹಸಿ ತಳದ ಮೇಲೆ ಲ್ಯಾಕರ್ ಬಿದ್ದರೆ ಬರಗಾಲದ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ, ಅದಕ್ಕೆ ಮದ್ದಿಲ್ಲ, ಪೂರ್ತಿ ಕೆರೆದು ಮತ್ತೆ ಶುರು.

ಒಣ ಹವೆ ಸಿಕ್ಕ ದಿನ ಲ್ಯಾಕರ್‌ಗೆ ಸಾಟಿ ಇಲ್ಲ. 5ರಿಂದ 8 ಸೆಂ.ಮೀ. ದೂರದಿಂದ ಮಂಜಿನಂತೆ ತೆಳುವಾಗಿ ಮೂರು-ನಾಲ್ಕು ಸಲ ಹಾಯಿಸಿದರೆ ಪ್ಲಾಸ್ಟಿಕ್ ಅನ್ನುವುದೇ ಮರೆತುಹೋಗುತ್ತದೆ. ಬೇರೆ ಬಣ್ಣ ತಾಗದಂತೆ ಮರೆಗೆ ಅಂಟಿಸುವ ಮಾಸ್ಕಿಂಗ್ ಟೇಪಿಗೂ ಜಗ್ಗುವುದಿಲ್ಲ: ಒಂದು ದಿನ ಬಿಟ್ಟು ಅಂಟಿಸಿ ಕಿತ್ತ ಟೇಪಿನಲ್ಲಿ ಬೆಳ್ಳಿಯ ಗುರುತೂ ಇರಲಿಲ್ಲ. ಅದೇ ಪರೀಕ್ಷೆಯಲ್ಲಿ ಅಕ್ರಿಲಿಕ್ ಚಮಚದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸಿಪ್ಪೆ ಎದ್ದುಬಂತು. ಟೇಪನ್ನು ಮೊದಲು ಅಂಗೈಗೆ ಎರಡು ಸಲ ಒತ್ತಿ ಅಂಟು ಕಮ್ಮಿ ಮಾಡಿಕೊಂಡರೆ ಅಕ್ರಿಲಿಕ್ಕೂ ಉಳಿಯಿತು.

ಬೆಳಗಾವಿಯ ಆಷಾಢದಲ್ಲಿ ಲೆಕ್ಕ ತಲೆಕೆಳಗಾಯಿತು. ಲ್ಯಾಕರಿನ ಥಿನ್ನರ್ ಸರ್ರನೆ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ತೇವ ಅಲ್ಲಿ ಬೆವರಿನಂತೆ ಕೂತು ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಕಪ್ಪು ತಳ ಹೊಡೆದು ಐದು ನಿಮಿಷಕ್ಕೆ ಹಾಲು ಚೆಲ್ಲಿದ ಹಾಗೆ ಬಿಳಿ ಮಸುಕು. ಬರಿ ಕಪ್ಪಿನ ಮೇಲೆ ಬಂದರೆ ನಿಧಾನ ಆರುವ ಲೆವೆಲಿಂಗ್ ಥಿನ್ನರನ್ನು ತೆಳುವಾಗಿ ಹಾಯಿಸಿದರೆ ತಿಳಿಯಾಗುತ್ತದೆ. ಬೆಳ್ಳಿಯ ಮೇಲೆ ಬಂದರೆ ಆ ಉಪಾಯ ಲೋಹದ ಚೂರುಗಳನ್ನೇ ಕದಡಿ ಹೊಳಪು ಕೊಲ್ಲುತ್ತದೆ. ಜೊತೆಗೆ ಕಂಪ್ರೆಸರಿನ ಪೈಪಿನಲ್ಲಿ ನೀರು ಕೂತು ನಡುವೆ ಒಂದು ಹನಿ ಉಗುಳುತ್ತದೆ. ತೇವ ಹಿಡಿಯುವ ಟ್ರ್ಯಾಪ್ ಇಲ್ಲದೆ ಆ ಊರಲ್ಲಿ ಮಳೆಗಾಲದ ಕೆಲಸ ಬೇಡ. ಗೋಡೆಗೆ ತೇವಮಾಪಕ ಒಂದು ಇರಲಿ. ತೇವ ಶೇ. 70 ದಾಟಿದ ದಿನ ಲ್ಯಾಕರ್ ಬಾಟಲಿ ತೆರೆಯಬೇಡಿ, ಗಾಲಿ ಜೋಡಿಸಿ, ಸೀಟಿಗೆ ಬೆಲ್ಟ್ ಹಚ್ಚಿ. ಅಕ್ರಿಲಿಕ್ ಮಾತ್ರ ಆ ಹವೆಯಲ್ಲೂ ತಕರಾರಿಲ್ಲದೆ ಕೂತಿತು, ಒಣಗಲು ಹೊತ್ತು ಹಿಡಿಯಿತು ಅಷ್ಟೆ.

ವಿಜಯಪುರದಲ್ಲಿ ಇದರ ಉಲ್ಟಾ. ಮಧ್ಯಾಹ್ನದ ಬಿಸಿಲಿಗೆ ಅಕ್ರಿಲಿಕ್ ಸೂಜಿಯ ತುದಿಯಲ್ಲೇ ಹೆಪ್ಪುಗಟ್ಟುತ್ತದೆ. ಎರಡು ನಿಮಿಷಕ್ಕೊಮ್ಮೆ ತುದಿ ಒರೆಸಬೇಕು, ಒರೆಸದಿದ್ದರೆ ಒಮ್ಮೆಲೇ ಕಕ್ಕುತ್ತದೆ. ಬಣ್ಣದ ಬಟ್ಟಲಿಗೆ ಎರಡು-ಮೂರು ಹನಿ ರಿಟಾರ್ಡರ್ (ಒಣಗುವುದನ್ನು ನಿಧಾನ ಮಾಡುವ ದ್ರವ) ಹಾಕಿ, ಸೂಜಿಯನ್ನು 0.4ಕ್ಕೆ ಬದಲಿಸಿ, ಬೆಳಿಗ್ಗೆ 6ರಿಂದ 8ರೊಳಗೆ ಮುಗಿಸಿದಾಗಲೇ ಹದ ಬಂದದ್ದು. ಲ್ಯಾಕರಿಗೂ ಅಲ್ಲಿ ಒಂದು ಕಾಟ ಇದೆ: ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ, ಕೈಯಾಡಿಸಿದರೆ ರವೆ. ದೂರ 5 ಸೆಂ.ಮೀ.ಗೆ ಇಳಿಸಿದರೆ ಸರಿಹೋಗುತ್ತದೆ. ಒಟ್ಟಿನಲ್ಲಿ ಒಣ ಊರಿಗೆ ಲ್ಯಾಕರ್, ಮಳೆಯೂರಿಗೆ ಅಕ್ರಿಲಿಕ್. ಆದರೆ ಮನೆಯಲ್ಲಿ ಮಕ್ಕಳಿದ್ದು ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಊರು ಯಾವುದಾದರೂ ಅಕ್ರಿಲಿಕ್ಕೇ ಸರಿ. ಲ್ಯಾಕರಿನ ಹೊಗೆಗೆ ಬಟ್ಟೆಯ ಮಾಸ್ಕ್ ಏನೂ ಅಲ್ಲ, ರಾಸಾಯನಿಕ ಆವಿ ತಡೆಯುವ ಫಿಲ್ಟರಿನ ಮಾಸ್ಕೇ ಬೇಕು.

ನಾಲ್ಕನೆಯದು ಅಡುಗೆಮನೆಯ ಫಾಯಿಲ್. ಚಪಾತಿ ಸುತ್ತುವ ಅದೇ ಹಾಳೆ. ಬರಿ ಲೋಹದ ಸೇಬರ್‌ಗೆ ಇದರ ಮುಂದೆ ಉಳಿದ ಮೂರೂ ಸಪ್ಪೆ, ಯಾಕೆಂದರೆ ಇದು ಲೋಹವೇ. ಮಳೆ, ಬಿಸಿಲಿನ ಗೊಡವೆ ಇಲ್ಲ. ಬೇಕಾದ್ದು ತಾಳ್ಮೆ. ಒಂದು ಪ್ಯಾನಲಿಗಿಂತ ಎಲ್ಲ ಕಡೆ 3 ಮಿ.ಮೀ. ದೊಡ್ಡ ತುಂಡು ಕತ್ತರಿಸಿ, ಹಿಂಬದಿಗೆ ಮೈಕ್ರೋಸ್ಕೇಲ್‌ನ ಫಾಯಿಲ್ ಅಂಟನ್ನು ಮೆತ್ತನೆ ಬ್ರಶ್ಶಿನಿಂದ ಹಚ್ಚಿ. ಅದು ಹಾಲಿನ ಹಾಗಿರುತ್ತದೆ; ಪೂರ್ತಿ ತಿಳಿಯಾಗಿ ಕೈಗೆ ಅಂಟಂಟು ಆಗುವವರೆಗೆ ಕಾಯಬೇಕು. ಆಮೇಲೆ ಕೂರಿಸಿ, ಕಿವಿಕಡ್ಡಿಯ ಹತ್ತಿಯಿಂದ ನಡುವಿನಿಂದ ಅಂಚಿಗೆ ತೀಡಿ. ತೀಡಿದಂತೆ ಅಡಗಿದ್ದ ಪ್ಯಾನಲ್ ಗೆರೆ ಮೇಲೆದ್ದು ಕಾಣುತ್ತದೆ. ಹೊಸ ಬ್ಲೇಡನ್ನು ಆ ಗೆರೆಯೊಳಗೇ ನಡೆಸಿ ಹೆಚ್ಚಿನದನ್ನು ಎತ್ತಿಬಿಡಿ. ಮೊಂಡ ಬ್ಲೇಡು ಕೊಯ್ಯುವುದಿಲ್ಲ, ಹರಿಯುತ್ತದೆ. ಕೆಳಗೆ ಒಂದು ಧೂಳಿನ ಕಣ ಇದ್ದರೂ ಮೊಡವೆಯಂತೆ ಎದ್ದು ನಿಲ್ಲುತ್ತದೆ.

ಫಾಯಿಲ್‌ನಲ್ಲಿ ಸಣ್ಣ ಉದ್ದುದ್ದ ಗೆರೆಗಳಿರುತ್ತವೆ. ಪಕ್ಕದ ಪ್ಯಾನಲಿಗೆ ಆ ಗೆರೆಗಳ ದಿಕ್ಕು ತಿರುಗಿಸಿ, ಅಥವಾ ಮಂಕು ಬದಿ ಮೇಲೆ ಮಾಡಿ: ಬಣ್ಣವಿಲ್ಲದೆ ಎರಡು ಛಾಯೆ ಸಿಕ್ಕಿತು. ಮೂರನೆಯ ಛಾಯೆ ಬೇಕಿದ್ದರೆ ನಮ್ಮ ಕಡೆಯ ಗಡಸು ಬೋರ್ ನೀರಿನಲ್ಲಿ ಫಾಯಿಲ್ ತುಂಡು ಕುದಿಸಿ. ಬೂದುಗಪ್ಪಾಗುತ್ತದೆ, ಸೇಬರ್‌ನ ಗನ್ನಿನ ಸುತ್ತಲಿನ ಹಾಳೆಗೆ ಹೇಳಿ ಮಾಡಿಸಿದ ಹಾಗೆ. ಸೋಲುವುದು ಎರಡು ಕಡೆ ಬಾಗಿದ ಜಾಗದಲ್ಲಿ: ಸೇಬರ್‌ನ ಮೂಗಿನ ತುಟಿ, ರೆಕ್ಕೆ ಸೇರುವ ಬುಡ. ಅಲ್ಲಿ ಎಷ್ಟು ತೀಡಿದರೂ ಸುಕ್ಕು. ಆ ಜಾಗಕ್ಕೆ ಮೊದಲೇ ಲ್ಯಾಕರ್ ಹೊಡೆದು, ಉಳಿದದ್ದಕ್ಕೆ ಫಾಯಿಲ್ ಹಾಕುವುದೇ ಜಾಣತನ. 1/48ರ ಒಂದು ರೆಕ್ಕೆಗೆ ಎರಡು ಸಂಜೆ ಹಿಡಿಯಿತು. 1/72ರಲ್ಲಿ ಈ ಉಸಾಬರಿ ಬೇಡ.

ಯಾವ ದಾರಿ ಹಿಡಿದರೂ ವ್ಯಾಂಪೈರ್ ದೇಹ ಮುಚ್ಚುವ ಮೊದಲು ಮೂಗಿಗೆ ಭಾರ ಮರೆಯಬೇಡಿ. ಬೆಳ್ಳಿ ಹೊಡೆದ ಮೇಲೆ ಬಾಲ ನೆಲಕ್ಕೆ ಕೂತರೆ ಬಿಚ್ಚುವ ಹಾಗಿಲ್ಲ. ಟೇಪಿನಿಂದ ಎಲ್ಲ ಜೋಡಿಸಿ, ರೆಕ್ಕೆ ಗಾಲಿಯ ಜಾಗದ ಕೆಳಗೆ ಪೆನ್ಸಿಲ್ ಇಟ್ಟು, ಮೂಗು ಬಾಗುವವರೆಗೆ ಸೈಕಲ್ ಅಂಗಡಿಯ ಉಕ್ಕಿನ ಗುಂಡು ಸೇರಿಸಿ. 1/4 ಇಂಚಿನದು ಒಂದಕ್ಕೆ ಸುಮಾರು 1 ಗ್ರಾಂ. ಲೆಕ್ಕಕ್ಕಿಂತ ಎರಡು ಹೆಚ್ಚೇ ಇರಲಿ. ಅಂಟಿಸಲು ಎಪಾಕ್ಸಿ. ಸೀಸದ ಗುಂಡು ಹಾಕಿ ಬಿಳಿ ಅಂಟು ಸುರಿದರೆ ಸೀಸ ನಿಧಾನಕ್ಕೆ ಕಿಲುಬು ಹಿಡಿದು ಉಬ್ಬಿ, ವರ್ಷಗಳಾದ ಮೇಲೆ ದೇಹವನ್ನೇ ಸೀಳುತ್ತದೆ.

ಕೊನೆಗೆ ಡಿಕ್ಯಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಸ್ಟಿಕ್ಕರ್. ಬೆಳ್ಳಿಯ ಮೇಲೆ ಬೋರ್ ನೀರು ಆರಿದರೆ ಪ್ರತಿ ಗುರುತಿನ ಸುತ್ತ ಸುಣ್ಣದ ಉಂಗುರ ಉಳಿಯುತ್ತದೆ, ಒರೆಸಲು ಹೋದರೆ ಹೊಳಪು ಹೋಗುತ್ತದೆ. ಡಿಕ್ಯಾಲ್ ನೆನೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. ಆಸಿಡ್ ಕ್ಯಾನೂ ಅದೇ ಕಪಾಟಿನಲ್ಲಿ ಇರಬಹುದು. ಲೇಬಲ್ ಓದಿಯೇ ದುಡ್ಡು ಕೊಡಿ.